ಬಿಇ ಆದ ಮೇಲೆ ಮ್ಯಾನುಫ್ಯಾಕ್ಚರಿಂಗ್ ಎಂಟೆಕ್ ಮಾಡಬೇಕಾ? ಮಾಡಿದವರು ಹೇಳಿ

ಗೋಣಿಕೊಪ್ಪಲಿನಿಂದ ಪ್ರಶ್ನೆ:
ಪೊನ್ನಂಪೇಟೆಯಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿದ್ದೇನೆ. ಮೈಸೂರಿನ ಒಂದು ಕಂಪನಿಯವರು ಟ್ರೈನಿ ಕೆಲಸಕ್ಕೆ ಕರೆದಿದ್ದಾರೆ. ನನಗೆ ಮ್ಯಾನುಫ್ಯಾಕ್ಚರಿಂಗ್‌ನಲ್ಲಿ ಎಂಟೆಕ್ ಮಾಡುವ ಆಸೆ. ಅಪ್ಪನಿಗೆ ಒಂದಿಷ್ಟು ಕಾಫಿ ತೋಟ ಇದೆ. "ಇನ್ನೂ ಎರಡು ವರ್ಷ ಓದಿದರೆ ಏನು ಸಿಗುತ್ತೆ, ಮೊದಲು ಅದನ್ನು ಹೇಳು" ಅಂತಾರೆ. ಉತ್ತರ ಕೊಡೋಕೆ ನನಗೂ ಗೊತ್ತಿಲ್ಲ. ಎಂಟೆಕ್ ಮಾಡಿದವರು, ಮಾಡದೆ ಕೆಲಸಕ್ಕೆ ಸೇರಿದವರು ಇಬ್ಬರೂ ಹೇಳಿ. ಮುಂದೆ ಕೊಡಗಿಗೆ ವಾಪಸ್ ಬರೋಕಾಗುತ್ತಾ ಅನ್ನೋದನ್ನೂ ತಿಳಿಸಿ.

ಸೋಮವಾರಪೇಟೆಯವರು, ಈಗ ಪೀಣ್ಯದಲ್ಲಿ:
ನಾನು ಎಂಟೆಕ್ ಮಾಡಿದವನು. ಮೊದಲು ಅಪ್ಪನ ಪ್ರಶ್ನೆಗೇ ಬರ್ತೀನಿ. ಪ್ರೊಡಕ್ಷನ್ ಲೈನಿನಲ್ಲಿ ಶಿಫ್ಟ್ ಇಂಜಿನಿಯರ್ ಆಗೋದಾದರೆ ಎಂಟೆಕ್ ಬೇಡ. ಅಲ್ಲಿ ಬಿಇಗೂ ಎಂಟೆಕ್‌ಗೂ ಮೊದಲ ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನಾನು ಕಂಡಿಲ್ಲ. ನೀವು ಓದಿ ಬರುವ ಹೊತ್ತಿಗೆ ನಿಮ್ಮ ಕ್ಲಾಸ್‌ಮೇಟ್ ಎರಡು ವರ್ಷ ಸೀನಿಯರ್ ಆಗಿರುತ್ತಾನೆ. ಕಾಲೇಜಿನವರು ಇದನ್ನು ಹೇಳಲ್ಲ.

ಎಂಟೆಕ್‌ಗೆ ಬೆಲೆ ಇರೋದು ಪ್ರೊಸೆಸ್ ಇಂಜಿನಿಯರಿಂಗ್, ಫಿಕ್ಸ್‌ಚರ್ (ಪಾರ್ಟ್ ಹಿಡಿದಿಡುವ ಸಾಧನ) ಮತ್ತು ಟೂಲ್ ಡಿಸೈನ್, ಏರೋಸ್ಪೇಸ್ ಮೆಷಿನಿಂಗ್, 3ಡಿ ಪ್ರಿಂಟಿಂಗ್, ಆರ್ ಅಂಡ್ ಡಿ ಇಂಥ ಕಡೆ. ಕೆಲಸ ಹೇಗಿರುತ್ತೆ ಅಂದರೆ, ನಮ್ಮಲ್ಲಿ 200 ಮಿ.ಮೀ. ಉದ್ದದ ಒಂದು ಅಲ್ಯೂಮಿನಿಯಂ ಪಾರ್ಟ್ ಇತ್ತು. ಮೆಷಿನ್ ಪಕ್ಕ ಅಳೆದರೆ ಓಕೆ, ಸಿಎಂಎಂ (ನಿಖರವಾಗಿ ಅಳೆಯುವ ಮೆಷಿನ್) ರೂಮಿಗೆ ಹೋದರೆ ರಿಜೆಕ್ಟ್. ಆಪರೇಟರಿಗೂ ಕ್ವಾಲಿಟಿಯವರಿಗೂ ದಿನಾ ಜಗಳ. ಎಲ್ಲರೂ ಮೆಷಿನ್ ಮೇಲೆ ತಪ್ಪು ಹಾಕುತ್ತಿದ್ದರು, ನಿಜವಾದ ಕಾರಣ ಬಿಸಿ. ಶಾಪ್ ಫ್ಲೋರಿನಲ್ಲಿ ಸುಮಾರು 30 ಡಿಗ್ರಿ, ಅಳತೆಯ ಲೆಕ್ಕ ಇರೋದು 20 ಡಿಗ್ರಿಗೆ. ಅಲ್ಯೂಮಿನಿಯಂ ಒಂದು ಡಿಗ್ರಿ ಏರಿದರೆ ಮೀಟರಿಗೆ ಸುಮಾರು 23 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ಹಿಗ್ಗುತ್ತೆ. ಈ ಪಾರ್ಟಿಗೆ 10 ಡಿಗ್ರಿಯಲ್ಲಿ 46 ಮೈಕ್ರಾನ್ ಆಯಿತು. ಸ್ಟೀಲ್ ಮೈಕ್ರೋಮೀಟರ್ ಕೂಡ ಹಿಗ್ಗುತ್ತೆ, ಆದರೆ ಅದರ ಅರ್ಧದಷ್ಟೇ. ಹಾಗಾಗಿ ಫ್ಲೋರಿನಲ್ಲಿ ಸರಿ ಇದ್ದ ಪಾರ್ಟ್ ತಣ್ಣಗಾದ ಮೇಲೆ 20 ಮೈಕ್ರಾನಿಗಿಂತ ಹೆಚ್ಚೇ ಚಿಕ್ಕದಾಗಿ ಬರುತ್ತಿತ್ತು. ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸ, ಇದ್ದಿದ್ದೇ 20.

ಇದಕ್ಕೆ ಎಂಟೆಕ್ ಬೇಕಾ? ಪಿಯುಸಿ ಫಿಸಿಕ್ಸ್ ಸಾಕು ಅನ್ನಿ. ಆದರೆ ಇಂಥದ್ದು ಎದುರಾದಾಗ ಎಲ್ಲಿಂದ ಹುಡುಕಬೇಕು, ಯಾವ ಟ್ರಯಲ್ ಹಾಕಬೇಕು, ರೀಡಿಂಗ್ ನಂಬಬೇಕಾ ಬೇಡವಾ ಅನ್ನೋ ಅಭ್ಯಾಸ ನನಗೆ ಬಂದಿದ್ದು ಎರಡನೇ ವರ್ಷದ ಪ್ರಾಜೆಕ್ಟಿನಲ್ಲಿ. ಅದನ್ನು ಕಂಪನಿಯಲ್ಲೇ ಮಾಡಿದ್ದೆ. ಕಾಲೇಜಿನ ಹಳೇ ಲೇತಿನ ಮೇಲೆ ಟಗೂಚಿ ಟೇಬಲ್ (ಯಾವ ಯಾವ ಟ್ರಯಲ್ ಹಾಕಬೇಕು ಅನ್ನೋ ಸಿದ್ಧ ಪಟ್ಟಿ) ಹಾಕಿ, ಸರ್ಫೇಸ್ ರಫ್‌ನೆಸ್ ಅಳೆದು ಥೀಸಿಸ್ ಮುಗಿಸಿದವರು ಇಂಟರ್‌ವ್ಯೂನಲ್ಲಿ ತಡವರಿಸೋದನ್ನು ನೋಡಿದ್ದೇನೆ. ಕಾಲೇಜು ಆರಿಸುವಾಗ ಪ್ಲೇಸ್‌ಮೆಂಟ್ ಬೋರ್ಡ್ ನೋಡಬೇಡಿ. ಎರಡನೇ ವರ್ಷದವರು ಪ್ರಾಜೆಕ್ಟಿಗೆ ಎಲ್ಲಿಗೆ ಹೋಗಿದ್ದಾರೆ ಅಂತ ಕೇಳಿ. ಬೆಂಗಳೂರಿನ ಮ್ಯಾನುಫ್ಯಾಕ್ಚರಿಂಗ್ ಸಂಶೋಧನಾ ಸಂಸ್ಥೆ ಸಿಎಂಟಿಐನಂಥ ಕಡೆ ಅಥವಾ ಒಳ್ಳೆ ಕಾರ್ಖಾನೆಗೆ ಹೋಗಿದ್ದರೆ ಸೇರಿ. ಎಲ್ಲರೂ ಕ್ಯಾಂಪಸ್ಸಿನಲ್ಲೇ ಇದ್ದರೆ ಆ ಕಡೆ ತಲೆ ಹಾಕಬೇಡಿ.

ಮಡಿಕೇರಿಯವರು, ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ:
ನಾನು ಬಿಇ ಆದ ತಕ್ಷಣ ಸೇರಿದವನು. ಪಿಪಿಎಪಿ (ಹೊಸ ಪಾರ್ಟಿಗೆ ಕಸ್ಟಮರ್ ಒಪ್ಪಿಗೆ ಪಡೆಯುವ ಕ್ರಮ), ಎಫ್‌ಎಂಇಎ (ಎಲ್ಲಿ ತಪ್ಪಾಗಬಹುದು ಅಂತ ಮೊದಲೇ ಪಟ್ಟಿ ಮಾಡುವ ಕ್ರಮ), ಕಸ್ಟಮರ್ ಆಡಿಟ್ ಎಲ್ಲ ಇಲ್ಲೇ ಕಲಿತೆ, ಸಂಬಳ ತಗೊಂಡೇ ಕಲಿತೆ. ಆದರೆ ಮೊದಲು ಸೇರಿದ್ದ ಕಂಪನಿಯಲ್ಲಿ ವರ್ಷವಿಡೀ ರಿಜೆಕ್ಷನ್ ರಿಪೋರ್ಟ್ ಟೈಪ್ ಮಾಡಿಸಿದರು. ಅಲ್ಲೇ ಇದ್ದಿದ್ದರೆ ಏನೂ ಬರುತ್ತಿರಲಿಲ್ಲ. ಆಫರ್ ಲೆಟರಿನಲ್ಲಿ ಯಾವ ಡಿಪಾರ್ಟ್‌ಮೆಂಟ್ ಅಂತ ಇದೆಯಾ ನೋಡಿ. ಬಾಂಡ್ ಇದೆಯಾ ಅದನ್ನೂ ನೋಡಿ.

ಕುಶಾಲನಗರದ ಅಕ್ಕ, ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರು:
ದುಡ್ಡಿನ ವಿಷಯ ಯಾರೂ ಹೇಳಲಿಲ್ಲ, ಅಲ್ವಾ? ಗೇಟ್ (ಎಂಟೆಕ್ ಪ್ರವೇಶದ ರಾಷ್ಟ್ರಮಟ್ಟದ ಪರೀಕ್ಷೆ) ಸ್ಕೋರ್ ಇಟ್ಟುಕೊಂಡು ಸೇರಿದರೆ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇಯಿಂದ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. ಗೇಟ್ ಇಲ್ಲದೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲಿ ಸೀಟು ತಗೊಂಡರೆ ಅದು ಸಿಗಲ್ಲ, ಫೀಸು ಹಾಸ್ಟೆಲ್ಲು ಎಲ್ಲ ಅಪ್ಪನ ತಲೆ ಮೇಲೆ. ಗೇಟ್‌ನಲ್ಲಿ ಪಿಐ ಅಂತ ಪ್ರೊಡಕ್ಷನ್‌ಗೇ ಬೇರೆ ಪೇಪರ್ ಇದೆ. ಆದರೂ ಎಂಇ, ಅಂದರೆ ಮೆಕ್ಯಾನಿಕಲ್ ಪೇಪರ್ ಬರೆಯಿರಿ. ಗೇಟ್ ನೋಡಿ ಕರೆಯುವ ಸರ್ಕಾರಿ ಕಂಪನಿಗಳು ಮೆಕ್ಯಾನಿಕಲ್ ಹುದ್ದೆಗೆ ಹೆಚ್ಚಾಗಿ ಕೇಳೋದು ಅದನ್ನೇ. ಆ ಹುದ್ದೆಗಳಿಗೆ ಬಿಇ ಸಾಕು ಅನ್ನೋದೂ ನೆನಪಿರಲಿ.

ಲೆಕ್ಚರರ್ ಆಗೋಕೆ ಎಂಟೆಕ್ ಬೇಕೇ ಬೇಕು. ಆದರೆ ಅದೊಂದನ್ನೇ ನಂಬಿ ಬರಬೇಡಿ. ಮಕ್ಕಳೆಲ್ಲ ಕಂಪ್ಯೂಟರ್ ಸೈನ್ಸ್ ಕಡೆ ಓಡುತ್ತಿದ್ದಾರೆ, ಎಷ್ಟೋ ಕಡೆ ಮೆಕ್ಯಾನಿಕಲ್ ಸೀಟು ತುಂಬುತ್ತಿಲ್ಲ. ಪಿಎಚ್‌ಡಿ ಇಲ್ಲದಿದ್ದರೆ ಅಸಿಸ್ಟೆಂಟ್ ಪ್ರೊಫೆಸರ್ ಆಗಿಯೇ ಉಳಿಯಬೇಕು.

ಸುಂಟಿಕೊಪ್ಪದವರು, ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಮೆಂಟೆನೆನ್ಸ್:
ಕೊಡಗಿಗೆ ವಾಪಸ್ ಬರೋ ಮಾತು ಕೇಳಿದಿರಿ. ಇಲ್ಲಿ ಕಾರ್ಖಾನೆ ಅಂದರೆ ಮುಖ್ಯವಾಗಿ ಕಾಫಿಯದ್ದೇ. ಕಲ್ಲು ತೆಗೆಯುವ ಡಿಸ್ಟೋನರ್, ಸಿಪ್ಪೆ ಬಿಡಿಸುವ ಹಲ್ಲರ್, ಗಾತ್ರ ನೋಡಿ ಬೇರ್ಪಡಿಸುವ ಗ್ರೇಡರ್, ಬಣ್ಣ ನೋಡಿ ಆರಿಸುವ ಕಲರ್ ಸಾರ್ಟರ್. ಇವು ಸೀಸನ್‌ನಲ್ಲಿ ನಿಂತರೆ ಬೇಕಾಗೋದು ಕೈಯಿಟ್ಟು ರಿಪೇರಿ ಮಾಡುವ ಐಟಿಐ, ಡಿಪ್ಲೊಮಾ ಹುಡುಗರು. ಎಂಟೆಕ್ ಸಂಬಳ ಕೊಡುವ ಹುದ್ದೆ ಇಲ್ಲಿ ನಾನಂತೂ ನೋಡಿಲ್ಲ. ವಾಪಸ್ ಬರಬೇಕೆಂದರೆ ಸ್ವಂತಕ್ಕೆ ಏನಾದರೂ ಮಾಡಬೇಕು. ತೋಟದವರಿಗೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮೆಷಿನ್), ಡ್ರೈಯರ್ ಸರ್ವಿಸ್ ಹೊತ್ತಿಗೆ ಸರಿಯಾಗಿ ಸಿಗುತ್ತಿಲ್ಲ. ಕೊಯ್ಲಿನ ಮಧ್ಯೆ ಒಂದು ಬೇರಿಂಗ್ ಹೋದರೆ ಮೈಸೂರಿಗೆ ಗಾಡಿ ಓಡಿಸುತ್ತಾರೆ. ಅದಕ್ಕೆ ಡಿಗ್ರಿ ಯಾರೂ ಕೇಳಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಆಫರ್ ಲೆಟರ್ ತೆಗೆದು ನೋಡಿದೆ. ಎರಡು ವರ್ಷದ ಬಾಂಡ್ ಇದೆ, ಡಿಪಾರ್ಟ್‌ಮೆಂಟ್ ಹೆಸರೇ ಇಲ್ಲ. ಈಗ ಕೆಲಸಕ್ಕೆ ಸೇರಿ ಜೊತೆಗೇ ಗೇಟ್ ಬರೆದರೆ?

ಪೀಣ್ಯದವರು:
ಬರೆಯಿರಿ. ಪರೀಕ್ಷೆ ಫೆಬ್ರವರಿಯಲ್ಲಿ, ಸ್ಕೋರ್ 3 ವರ್ಷ ನಡೆಯುತ್ತೆ. ಬಾಂಡ್ ಮುಗಿದ ಮೇಲೂ ಅದೇ ಸ್ಕೋರಿನಲ್ಲಿ ಸೇರಬಹುದು. ಆದರೆ ಸೇರುವ ಮೊದಲು ಎಚ್‌ಆರ್‌ಗೆ ಫೋನ್ ಮಾಡಿ, ಪ್ರೊಸೆಸ್ ಅಥವಾ ಟೂಲ್ ರೂಮಿಗೆ ಹಾಕುತ್ತೀರಾ ಅಂತ ಕೇಳಿ. ಬಾಂಡ್ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನೋದನ್ನೂ ಬರವಣಿಗೆಯಲ್ಲಿ ತಗೊಳ್ಳಿ. ಏನಂದರು ಅಂತ ಇಲ್ಲಿ ಹಾಕಿ, ನೋಡೋಣ.