ಫಿಲ್ಟರ್‌ಗೆ ‘ಶೋಧಕ’ ಸಾಕೇ? ಸಾಣಿಗೆ, ಸಾಣೆ, ಹಸನು ಕುರಿತು

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯ ನವನಗರದಿಂದ ಬರೆಯುತ್ತಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಹಳೆಯ ಶಿಷ್ಯರೊಬ್ಬರು ತಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ‘ಮೈಯೊಳಗನ್ನು ಕಾಣಿಸಿದ ಯಂತ್ರಗಳು’ ಅಂತ ಎಂಟು ಫಲಕ ಬರೆದುಕೊಡಿ ಎಂದರು. ಒಪ್ಪಿಕೊಂಡೆ. ಆರು ಫಲಕ ಸಲೀಸಾಗಿ ಮುಗಿದವು, ಏಳನೆಯದರಲ್ಲಿ ಸಿಕ್ಕಿಬಿದ್ದಿದ್ದೇನೆ.

ಎಕ್ಸ್‌ರೇ ವಿಷಯದಲ್ಲಿ ಚಿಂತೆ ಇರಲಿಲ್ಲ. 1895ರ ನವೆಂಬರಿನಲ್ಲಿ ಜರ್ಮನ್ ವಿಜ್ಞಾನಿ ರಾಂಟ್‌ಗನ್ ತಾನು ಕಂಡ ಕಿರಣ ಎಂಥದ್ದೆಂದು ತಿಳಿಯದೆ ಗಣಿತದ ಅಜ್ಞಾತ ಅಕ್ಷರವನ್ನೇ ಅದಕ್ಕೆ ಹೆಸರಿಟ್ಟ. ನಾವು ಆ ಅಕ್ಷರದ ಸದ್ದು ಹಿಡಿದು ‘ಕ್ಷ-ಕಿರಣ’ ಮಾಡಿಕೊಂಡೆವು. ಬೆಳಗಾವಿಯ ಮರಾಠಿ ಗೆಳೆಯರೂ ಕ್ಷ-ಕಿರಣ ಎಂದೇ ಬರೆಯುತ್ತಾರೆ. ಬಾಯಿಮಾತಿನಲ್ಲಿ ನಮ್ಮ ಕಡೆ ‘ಎದಿ ಫೋಟೋ ತಗಸ್ಕೊಂಡು ಬಾ ಅಂದಾರ’ ಅಂದರೆ ಮುಗಿಯಿತು. ‘ಸ್ಕ್ಯಾನಿಂಗ್’ ಮಾತ್ರ ಸ್ವಲ್ಪ ತಂಟೆಯದು. ಬರೇ ಸ್ಕ್ಯಾನಿಂಗ್ ಅಂದರೆ ಬಸುರಿಯರದು ಎಂದೇ ಲೆಕ್ಕ. ನನಗೆ ತಲೆಯ ಸ್ಕ್ಯಾನಿಂಗ್ ಬರೆದುಕೊಟ್ಟಾಗ ಓಣಿಯ ಹೆಣ್ಣುಮಕ್ಕಳು ನಕ್ಕಿದ್ದು ಇನ್ನೂ ನೆನಪಿದೆ. ಬೆಳಗಾವಿಗೆ ಹೋದರೆ ಬಸುರಿಯರದು ‘ಸೋನೋಗ್ರಾಫಿ’ ಆಗುವುದರಿಂದ ಅಲ್ಲಿ ಈ ಫಜೀತಿ ಕಡಿಮೆ.

ಇನ್ನು ಏಳನೆಯ ಫಲಕ. ಅದು ಯಂತ್ರದಿಂದ ಬಂದ ಚಿತ್ರವನ್ನು ಕಂಪ್ಯೂಟರ್ ಹೇಗೆ ಚೊಕ್ಕ ಮಾಡುತ್ತದೆ ಎಂಬುದರ ಬಗ್ಗೆ. ಪಾರಿಭಾಷಿಕ ಪದಗಳನ್ನು ನೆಚ್ಚಿಕೊಂಡು ಮೊದಲು ಹೀಗೆ ಬರೆದಿದ್ದೆ: ‘ಶೋಧಕವು ಗ್ರಹಿಸಿದ ಚಿತ್ರದಲ್ಲಿನ ಗದ್ದಲವನ್ನು ಶೋಧಕದಿಂದ ನಿವಾರಿಸಲಾಗುತ್ತದೆ.’ ಮೊದಲ ಶೋಧಕ ಕಿರಣ ಹಿಡಿಯುವ ಡಿಟೆಕ್ಟರ್, ಎರಡನೆಯದು ಚಿತ್ರ ಚೊಕ್ಕ ಮಾಡುವ ಫಿಲ್ಟರ್. ಗದ್ದಲ ಎಂದದ್ದು ಇಂಗ್ಲಿಷಿನ ‘ನಾಯ್ಸ್’ಗೆ. ಬರೆದವನಿಗೇ ಮರುದಿನ ಯಾವುದು ಯಾವುದೆಂದು ತಿಳಿಯಲಿಲ್ಲ. ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನಿಗೆ ಓದಲು ಕೊಟ್ಟೆ. ಓದಿ, ‘ಸರ, ಗದ್ದಲ ಅಂದ್ರ ಎಮ್ಮಾರಾಯ್ ಮಷೀನ್ ಟಕಟಕ ಸಪ್ಪಳಾ ಮಾಡತೈತಲ್ರಿ, ಅದಾ?’ ಅಂದ. ತಪ್ಪೇನೂ ಅಲ್ಲ. ಬಲವಾದ ಕಾಂತಕ್ಷೇತ್ರದೊಳಗೆ ಸುರುಳಿಗಳಲ್ಲಿ ಕರೆಂಟು ಆಡಿದಾಗ ಅವು ನಡುಗುತ್ತವೆ, ಆ ಸಪ್ಪಳಕ್ಕೆ ಕಿವಿಗೆ ಹತ್ತಿ ಇಟ್ಟೇ ಒಳಗೆ ಕಳಿಸುತ್ತಾರೆ. ಆದರೆ ನಾನು ಹೇಳಹೊರಟ ಗದ್ದಲ ಕಿವಿಯದಲ್ಲ, ಕಣ್ಣಿನದು.

ಅದು ಏನೆಂದು ಹೇಳಿಬಿಡುತ್ತೇನೆ, ಪದ ಹುಡುಕುವವರಿಗೆ ಅನುಕೂಲ. ಎಕ್ಸ್‌ರೇ ಕಿರಣಗಳು ಮಳೆಹನಿಯ ಹಾಗೆ ಬಿಡಿಬಿಡಿಯಾಗಿ ಬೀಳುತ್ತವೆ. ಹನಿ ಕಡಿಮೆ ಬಿದ್ದರೆ ನೆಲ ಸಮನಾಗಿ ತೋಯುವುದಿಲ್ಲ, ಚಿತ್ರ ಕಾಳುಕಾಳಾಗುತ್ತದೆ. ಕಿರಣ ನಾಲ್ಕು ಪಟ್ಟು ಮಾಡಿದರೆ ಈ ಕಾಳು ಅರ್ಧಕ್ಕೆ ಇಳಿಯುತ್ತದೆ, ಆದರೆ ರೋಗಿಯ ಮೈಗೂ ನಾಲ್ಕು ಪಟ್ಟು ಕಿರಣ ಬೀಳುತ್ತದೆ. ಆದ್ದರಿಂದ ಕಿರಣ ಕಡಿಮೆ ಬಿಟ್ಟು ಚಿತ್ರವನ್ನು ಆಮೇಲೆ ಚೊಕ್ಕ ಮಾಡಿಕೊಳ್ಳುವುದು ಜಾಣತನ.

ಚೊಕ್ಕ ಮಾಡುವ ಒಂದು ಬಗೆ ಇದು. ಚಿತ್ರದ ಒಂದು ಚುಕ್ಕಿ, ಅದರ ಸುತ್ತಲಿನ ಎಂಟು, ಒಟ್ಟು ಒಂಬತ್ತು ಚುಕ್ಕಿಗಳ ಬೆಳಕಿನ ಅಂಕಿ ತೆಗೆದುಕೊಳ್ಳಿ: 52, 50, 51, 53, 255, 49, 50, 52, 54. ನಡುವಿನ 255 ಕಳ್ಳ. ಸರಾಸರಿ ತೆಗೆದರೆ 74 ಬರುತ್ತದೆ, ಅಂದರೆ ಒಬ್ಬ ಕಳ್ಳ ಇಡೀ ಓಣಿಯ ಹೆಸರು ಕೆಡಿಸಿದ ಹಾಗೆ. ಸಣ್ಣದರಿಂದ ದೊಡ್ಡದಕ್ಕೆ ಸಾಲು ಹಚ್ಚಿ ಐದನೆಯದನ್ನು ಎತ್ತಿಕೊಂಡರೆ 52, ಕಳ್ಳ ತಾನಾಗಿ ಸಾಲಿನ ಕೊನೆಗೆ ಹೋದ. ಇದನ್ನು ನೋಡಿದಾಗ ನನಗೆ ನೆನಪಾದದ್ದು ಜೋಳ ಹಸನು ಮಾಡುವುದು. ಮೊರದಲ್ಲಿ ಕೇರಿ, ಕಲ್ಲು ಕಡ್ಡಿ ಆರಿಸಿ, ಸಾಣಿಗೆ (ಜರಡಿ) ಹಿಡಿದು ಬೀಸಲು ಒಯ್ಯುವ ಮುಂಚಿನ ಕೆಲಸಕ್ಕೆಲ್ಲ ನಮ್ಮಲ್ಲಿ ‘ಹಸನ ಮಾಡೂದು’ ಎಂಬ ಒಂದೇ ಮಾತು. ಹೊಲಕ್ಕೂ ಅದೇ, ಕಸ ತೆಗೆದು ಹದಗೊಳಿಸಿದರೆ ಹೊಲ ಹಸನಾಯಿತು. ಹಾಗಾಗಿ ‘ಗದ್ದಲ ನಿವಾರಣೆ’ ಹೊಡೆದುಹಾಕಿ ‘ಚಿತ್ರ ಹಸನು ಮಾಡುವುದು’ ಎಂದು ಬರೆದೆ. ಗದ್ದಲದ ಜಾಗದಲ್ಲಿ ‘ಕಸ’, ಫಿಲ್ಟರ್ ಜಾಗದಲ್ಲಿ ‘ಸಾಣಿಗೆ’. ಹುಡುಗನಿಗೆ ಕೊಟ್ಟೆ, ಒಂದೇ ಸಲಕ್ಕೆ ತಿಳಿಯಿತು.

ಇಷ್ಟಕ್ಕೆ ನಿಂತಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ. ಮುಂದಿನ ಪರಿಚ್ಛೇದ ಸಿಟಿ ಸ್ಕ್ಯಾನಿನದು.

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಆಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಇಂಗ್ಲಿಷ್ ಎಂಜಿನಿಯರ್ ಹೌನ್ಸ್‌ಫೀಲ್ಡ್ ತಯಾರಿಸಿದ ಯಂತ್ರ ಮೊದಲ ಬಾರಿಗೆ ಒಬ್ಬ ರೋಗಿಯ ತಲೆಯ ಹೋಳುಚಿತ್ರ ತೆಗೆಯಿತು. 80 ಅಡ್ಡ, 80 ಉದ್ದ, ಅಷ್ಟೇ ಚುಕ್ಕಿಗಳು. 1979ರಲ್ಲಿ ಅವರಿಗೂ ಇದರ ಗಣಿತವನ್ನು ಬೇರೆಯಾಗಿ ರೂಪಿಸಿದ್ದ ಕಾರ್ಮ್ಯಾಕ್‌ಗೂ ಜಂಟಿಯಾಗಿ ನೊಬೆಲ್ ಬಂತು. ಯಂತ್ರದ ಕೆಲಸ ಇಷ್ಟು: ತಲೆಯ ಸುತ್ತಲೂ ಒಂದೊಂದು ಕೋನದಿಂದ ಎಕ್ಸ್‌ರೇ ನೆರಳು ಹಿಡಿಯುವುದು, ಆ ನೆರಳುಗಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಬಳಿದು ಒಂದರ ಮೇಲೊಂದು ಕೂಡಿಸುವುದು. ಆದರೆ ಬರೇ ಹಾಗೆ ಬಳಿದರೆ ಚಿತ್ರ ಅಂಬಲಿಯಂತೆ ಕದಡಿರುತ್ತದೆ. ಬಳಿಯುವ ಮೊದಲೇ ಪ್ರತಿ ನೆರಳಿಗೂ ಒಂದು ಫಿಲ್ಟರ್ ಹಚ್ಚಬೇಕು. ಅದನ್ನು ನೇರ ಗುಣಾಕಾರ-ಕೂಡುವಿಕೆಯಲ್ಲೇ ಮುಗಿಸುವ ದಾರಿಯನ್ನು ಅದೇ 1971ರಲ್ಲಿ ಪ್ರಕಟಿಸಿದವರು ನಮ್ಮ ಜಿ.ಎನ್. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್. ಚರ್ಮ, ಮೂಳೆಗಳಲ್ಲಿರುವ ಕಾಲಜನ್ ಎಂಬ ಪ್ರೋಟೀನಿನ ತ್ರಿವಳಿ ಸುರುಳಿ ಕಂಡುಹಿಡಿದ ಅದೇ ರಾಮಚಂದ್ರನ್. ಇಬ್ಬರ ಹೆಸರನ್ನೂ ಕತ್ತರಿಸಿ ಜೋಡಿಸಿದ ‘ರಾಮ್-ಲಕ್ ಫಿಲ್ಟರ್’ ಇವತ್ತಿಗೂ ಪಠ್ಯಪುಸ್ತಕಗಳಲ್ಲಿದೆ. (ಕೇಳಿದರೆ ಅಣ್ಣತಮ್ಮಂದಿರ ಹೆಸರಿನ ಹಾಗಿದೆ, ಮಕ್ಕಳಿಗೆ ಮರೆಯುವುದಿಲ್ಲ.)

ತೊಡಕು ಇಲ್ಲಿದೆ. ಈ ಫಿಲ್ಟರ್ ಕಸ ತೆಗೆಯುವುದಿಲ್ಲ. ಅಂಚುಗಳನ್ನು ಚೂಪು ಮಾಡುತ್ತದೆ, ಜೊತೆಗೆ ಕಸವನ್ನೂ ಎದ್ದು ಕಾಣಿಸುತ್ತದೆ. ಇದನ್ನು ಸಾಣಿಗೆ ಎನ್ನಲಾಗದು. ಇಂಗ್ಲಿಷಿನಲ್ಲಿ ಎರಡಕ್ಕೂ ಫಿಲ್ಟರ್ ಎಂಬ ಒಂದೇ ಹೆಸರು, ನಾವೂ ಕಣ್ಣುಮುಚ್ಚಿ ಎರಡಕ್ಕೂ ‘ಶೋಧಕ’ ಎಂದೆವು. ಕೆಲಸ ಮಾತ್ರ ಒಂದಕ್ಕೊಂದು ತಿರುವುಮುರುವು.

ಊಟಕ್ಕೆ ಕೂತಾಗ ಈ ಗೋಳು ಮನೆಯವರ ಮುಂದೆ ಹೇಳಿಕೊಂಡೆ. ‘ಅದಕ್ಕ್ಯಾಕ ಇಷ್ಟ್ ತಲಿ ಕೆಡಿಸ್ಕೋತೀರಿ? ಒಂದು ಸಾಣಗಿ, ಇನ್ನೊಂದು ಸಾಣಿ’ ಅಂದರು. ನಾನು ರೊಟ್ಟಿ ಮುರಿಯುವುದು ಬಿಟ್ಟು ಅವರ ಮುಖ ನೋಡಿದೆ. ‘ಅದು ಕಸಾನೂ ಎದ್ದು ಕಾಣೂಹಂಗ ಮಾಡತೈತಿ’ ಎಂದು ತಕರಾರು ತೆಗೆದೆ. ‘ಕುಡಗೋಲಿಗೆ ಸಾಣಿ ಹಿಡದ್ರ ಕಿಡಿ ಹಾರೂದಿಲ್ಲೇನ್ರಿ?’ ಅಂದರು. ಮೂವತ್ತೆರಡು ವರ್ಷ ಪಾಠ ಮಾಡಿದವನಿಗೆ ಈ ಮಾತು ಹೊಳೆದಿರಲಿಲ್ಲ.

ಹೀಗೆ ಈಗ ನನ್ನ ಫಲಕದಲ್ಲಿ ಡಿಟೆಕ್ಟರ್‌ಗೆ ಮಾತ್ರ ಶೋಧಕ, ಕಸ ತೆಗೆಯುವ ಫಿಲ್ಟರ್‌ಗೆ ಸಾಣಿಗೆ, ಅಂಚು ಚೂಪು ಮಾಡುವುದಕ್ಕೆ ಸಾಣೆ. ‘ಸಾಣಿಸಿದ ಚಿತ್ರ’, ‘ಸಾಣೆ ಹಿಡಿದ ಚಿತ್ರ’ ಎಂದು ಕ್ರಿಯಾಪದವೂ ಸರಾಗವಾಗಿ ಒದಗುತ್ತದೆ, ಶೋಧಕಕ್ಕೆ ಈ ಅನುಕೂಲ ಇಲ್ಲ. ‘ಶೋಧಿಸಿದ ಚಿತ್ರ’ ಎಂದರೆ ಎಲ್ಲೋ ಕಳೆದಿದ್ದನ್ನು ಹುಡುಕಿ ತಂದಂತೆ ಕೇಳುತ್ತದೆ. ನಮ್ಮ ಕಡೆ ಚಹಾವನ್ನೂ ಸೋಸುತ್ತೇವೆಯೇ ಹೊರತು ಶೋಧಿಸುವುದಿಲ್ಲ.

ನನಗಿರುವ ಅಳುಕುಗಳನ್ನೂ ಹೇಳುತ್ತೇನೆ. ಸಾಣಿಗೆ, ಸಾಣೆ ಎರಡೂ ಕಿವಿಗೆ ತೀರಾ ಹತ್ತಿರ. ನಮ್ಮ ಬಾಯಲ್ಲಿ ಸಾಣಗಿ, ಸಾಣಿ ಆದಾಗ ಇನ್ನೂ ಹತ್ತಿರ. ದಕ್ಷಿಣದವರಿಗೆ ಸಾಣಿಗೆಗಿಂತ ಜರಡಿ ಬಳಕೆಯದು. ಸಾಣೆ ಎಂದರೆ ಅವರಲ್ಲಿ ಅನೇಕರಿಗೆ ಗಂಧ ತೇಯುವ ಕಲ್ಲು ಕಣ್ಣಿಗೆ ಬರಬಹುದು. ಅಲ್ಲಿ ಚೂಪು ಮಾಡುವುದಿಲ್ಲ, ನುಣ್ಣಗೆ ಮಾಡುತ್ತಾರೆ, ಅರ್ಥ ಪೂರ್ತಿ ತಲೆಕೆಳಗು! ಮರಾಠಿಯಲ್ಲೂ ‘ಸಹಾಣ’ ಗಂಧದ ಕಲ್ಲೇ. ‘ಹಸನು’ ಕೂಡ ಅತ್ತ ಕಡೆ ‘ಬದುಕು ಹಸನಾಗಲಿ’ ಎಂಬ ಹಾರೈಕೆಯಲ್ಲಿ ಉಳಿದಿದೆಯೇ ಹೊರತು ಕಾಳುಕಡಿಗೆ ಬಳಸುವುದನ್ನು ನಾನು ಕೇಳಿಲ್ಲ.

ಕೇಳಬೇಕಾದದ್ದು ಇಷ್ಟು. ಮೈಸೂರು, ಮಂಗಳೂರು, ಶಿವಮೊಗ್ಗ ಕಡೆಯವರು ದಯವಿಟ್ಟು ತಿಳಿಸಿ: ಅಕ್ಕಿ ಬೇಳೆ ಚೊಕ್ಕ ಮಾಡುವುದಕ್ಕೆ ನಿಮ್ಮ ಮನೆಯಲ್ಲಿ ‘ಹಸನು’ ಎನ್ನುತ್ತಾರೆಯೇ, ಬೇರೆ ಮಾತಿದೆಯೇ? ಕತ್ತಿ ಮಸೆಯುವುದಕ್ಕೆ ಸಾಣೆ ಎಂದರೆ ತಟ್ಟನೆ ತಿಳಿಯುತ್ತದೆಯೇ, ಅಥವಾ ‘ಮಸೆ’ಯಿಂದಲೇ ಒಂದು ಪದ ಕಟ್ಟುವುದು ಮೇಲೇ? ಸಾಣೆ ಸಂಸ್ಕೃತದ ಶಾಣದಿಂದ ಬಂದದ್ದು, ಸಾಣಿಗೆಗೂ ಅದಕ್ಕೂ ನೆಂಟಸ್ತಿಕೆ ಉಂಟೋ, ಸುಮ್ಮನೆ ಮುಖ ಹೋಲುತ್ತದೋ, ಬಲ್ಲವರು ಹೇಳಿ.

ಬೋರ್ಡು ಬರೆಯುವವರು ಶುಕ್ರವಾರ ಬರುತ್ತಾರೆ. ಅಷ್ಟರೊಳಗೆ ಉತ್ತರ ಬರದಿದ್ದರೆ ಮನೆಯವರ ಪದಗಳೇ ಫಲಕದ ಮೇಲೆ ಏರುತ್ತವೆ.