ಅಪ್‌ಡೇಟ್: ಬಾಯಲ್ಲಿ ಉಂಡೆ ಕಚ್ಚಿಕೊಂಡಿದ್ದ ಜೇಡ ಯಾವುದು ಅಂತ ಗೊತ್ತಾಯ್ತು

ಇಂಗ್ಲೆಂಡಿನ ಹುಲ್ಲುಗಾವಲಲ್ಲಿ ಕಂಡ ಜೇಡದ ಬಗ್ಗೆ ಕೇಳಿದ್ದೆನಲ್ಲ, ಎದೆಯಡಿ ಬಿಳಿಚಿದ ಉಂಡೆ ಹೊತ್ತು ಓಡುತ್ತಿತ್ತು, ತೋಳ ಜೇಡವಾ ಅಂತ? ಅಲ್ಲ. ತೋಳ ಜೇಡ ಮೊಟ್ಟೆಚೀಲವನ್ನು ಹಿಂಬದಿಗೆ ಅಂಟಿಸಿಕೊಳ್ಳುತ್ತದೆ. ನಾನು ಕಂಡ ಉಂಡೆಯೂ ಮೊಟ್ಟೆಚೀಲವೇ, ಆದ್ರೆ ಇದು ಅದನ್ನು ಬಾಯಲ್ಲಿ ಕಚ್ಚಿ ಹಿಡಿದಿತ್ತು. ಅಂದ್ರೆ ನರ್ಸರಿ ವೆಬ್ ಜೇಡ, ವೈಜ್ಞಾನಿಕ ಹೆಸರು ಪಿಸೌರಾ ಮಿರಾಬಿಲಿಸ್. ಯುರೋಪಿನಲ್ಲಿ ಸಾಮಾನ್ಯ. ಉದ್ದ ಹುಲ್ಲು, ತುರಿಕೆ ಗಿಡದ ಪೊದೆ, ಬೇಲಿಸಾಲು ಇದರ ಜಾಗ.

ಮೊನ್ನೆ ಮತ್ತೆ ಹೋದೆ. ಉಂಡೆ ಬಾಯಲ್ಲಿರಲಿಲ್ಲ. ಹುಲ್ಲಿನ ತುದಿಗಳನ್ನು ಸೇರಿಸಿ ಪುಟ್ಟ ಡೇರೆಯಂಥ ಬಲೆ ಕಟ್ಟಿತ್ತು. ಬೇಟೆಗಲ್ಲ, ಮರಿಗಳಿಗೆ! ಒಳಗೆ ಸಾಸಿವೆಗಿಂತ ಚಿಕ್ಕ ಮರಿಗಳ ಗುಂಪು. ತಾಯಿ ಹೊರಗೆ, ಮುಂದಿನ ಎರಡೆರಡು ಕಾಲು ಜೋಡಿಸಿ ಚಾಚಿಕೊಂಡು ಕಾವಲು ಕೂತಿತ್ತು. ನನ್ನ ನೆರಳು ಬಿದ್ದದ್ದೇ ತಡ, ಎಲೆಯ ಕೆಳಗೆ ಸರಿಯಿತು. ಮರಿಗಳು ಪೊರೆ ಕಳಚಿದ ಮೇಲೆ ಚದುರುತ್ತವೆ.

ಬೇಟೆಗೆ ಬಲೆಯೇ ಬೇಡ ಇದಕ್ಕೆ, ಹೊಂಚು ಹಾಕಿ ಹಿಡಿಯುತ್ತದೆ. ಇನ್ನು ಗಂಡಿನ ಕಥೆ ಕೇಳಿ: ಹೆಣ್ಣನ್ನು ಒಲಿಸಲು ನೊಣವನ್ನು ರೇಷ್ಮೆಯಲ್ಲಿ ಸುತ್ತಿ ಉಡುಗೊರೆ ಒಯ್ಯುತ್ತದೆ. ಒಮ್ಮೊಮ್ಮೆ ಒಳಗೆ ಬರೀ ಒಣ ಚೂರು ಇರುತ್ತದಂತೆ. ಪಕ್ಕಾ ಮೋಸಗಾರ, ಅಲ್ವಾ?

ಡೇರೆಯನ್ನು ಮುಟ್ಟದೆ ಬಂದೆ. ಭಾನುವಾರ ಇನ್ನೊಮ್ಮೆ ನೋಡಿ ಬರ್ತೀನಿ.