ನೀರು ನಿಂತು ಬೋಳಾದ ಲಾನ್: ಮರಳೋ, ಪೈಪೋ?

ಪ್ರಶ್ನೆ: ಮಳೆ ಬಿಟ್ಟು 2 ದಿನವಾದರೂ ಲಾನಿನ ಒಂದು ಮೂಲೆಯಲ್ಲಿ ನೀರು ಇಂಗುವುದಿಲ್ಲ. ಅಡಿಯಲ್ಲಿ ಜೇಡಿಮಣ್ಣು, ಮೇಲೆ ಮರದ ನೆರಳು. ಅಲ್ಲಲ್ಲಿ ಬೋಳು, ಉಳಿದ ಕಡೆ ಪಾಚಿ. ಮರಳು ಹರಡಿದರೆ ಸಾಕೇ? ಅನುಭವಸ್ಥರು ತಿಳಿಸಿ.

ಉತ್ತರ 1: ಮರಳು ಮಾತ್ರ ಬೇಡ. ಜೇಡಿಗೆ ಅರೆಬರೆ ಮರಳು ಬೆರೆಸಿದರೆ ಗಾರೆಯಂತೆ ಬಿಗಿಯುತ್ತದೆ. ಗುಣ ಬದಲಾಗಬೇಕಾದರೆ ಅರ್ಧಕ್ಕಿಂತ ಹೆಚ್ಚು ಮರಳೇ ಇರಬೇಕು. ಪೈಪ್ ಹಾಕಿ. 45 ಸೆಂ.ಮೀ. ಆಳ, 20 ಸೆಂ.ಮೀ. ಅಗಲದ ಕಾಲುವೆ, ಮೀಟರಿಗೆ 1 ಸೆಂ.ಮೀ. ವಾಟ. ವಾಟವನ್ನು ಕಣ್ಣಂದಾಜಿನಲ್ಲಿ ಕೊಡಬೇಡಿ, ನೀರು ತುಂಬಿದ ಟ್ಯೂಬ್ ಹಿಡಿದು ನೋಡಿ. ಸೋಸುಬಟ್ಟೆ ಹಾಸಿ 5 ಸೆಂ.ಮೀ. ಜಲ್ಲಿ, ಅದರ ಮೇಲೆ ತೂತಿನ ಪೈಪ್, ಮತ್ತೆ 20 ಮಿ.ಮೀ.ನ ತೊಳೆದ ಜಲ್ಲಿ. ಬಟ್ಟೆ ಮಡಚಿ ಮೇಲೆ 15 ಸೆಂ.ಮೀ. ಮಣ್ಣು. 10 ಮೀಟರ್ ಕಾಲುವೆಗೆ ಅರ್ಧ ಘನ ಮೀಟರಿಗಿಂತ ತುಸು ಹೆಚ್ಚು ಜಲ್ಲಿ ಬೇಕು. ಅಗೆದ ಮಣ್ಣು 0.9 ಘನ ಮೀಟರ್, ಉಬ್ಬಿ ಇನ್ನೂ ಹೆಚ್ಚಾಗುತ್ತದೆ. ವಾಪಸ್ ಹೋಗುವುದು 0.3 ಅಷ್ಟೇ. ಉಳಿದದ್ದನ್ನು ಎಲ್ಲಿ ಹಾಕುತ್ತೀರಿ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ.

ಉತ್ತರ 2: ಪರೀಕ್ಷೆಯೇ ಮಾಡದೆ ಲಾನ್ ಅಗೆಸುತ್ತೀರಲ್ಲ! 30 ಸೆಂ.ಮೀ. ಗುಂಡಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ ಅಳೆಯಿರಿ. ಗಂಟೆಗೆ 2.5 ಸೆಂ.ಮೀ. ಕೂಡ ಇಳಿಯದಿದ್ದರೆ ಪೈಪಿನ ಮಾತು. ಮೇಲಿನ 10 ಸೆಂ.ಮೀ. ಮಾತ್ರ ತುಳಿತಕ್ಕೆ ಬಿಗಿದಿದ್ದರೆ ನೆಲದಿಂದ ಮಣ್ಣು ಕಿತ್ತು ತೂತು ಮಾಡುವ ಟೊಳ್ಳು ಮೊಳೆಯ ಯಂತ್ರ ಸಾಕು: 10 ಸೆಂ.ಮೀ. ಅಂತರ, 8ರಿಂದ 10 ಸೆಂ.ಮೀ. ಆಳ. ಕಿತ್ತುಬಂದ ಮಣ್ಣಿನ ಉಂಡೆಗಳನ್ನು ಗುಡಿಸಿ ತೆಗೆದು, ತೂತಿಗೆ ದಪ್ಪ ಮರಳು ತುಂಬಿ. ಇದು ಬೆರೆಸುವುದಲ್ಲ, ನೀರಿಗೆ ಕೊಳವೆ ಮಾಡಿಕೊಡುವುದು. ಗಾರೆಯ ಭಯ ಇಲ್ಲಿಗೆ ಅನ್ವಯಿಸುವುದಿಲ್ಲ.

ಉತ್ತರ 1: ಒದ್ದೆ ಜೇಡಿಯಲ್ಲಿ ಯಂತ್ರ ಓಡಿಸಿದರೆ ತೂತಿನ ಗೋಡೆ ಮೆತ್ತಿ ಮುಚ್ಚಿಹೋಗುತ್ತದೆ. ಅದನ್ನೇಕೆ ಹೇಳಲಿಲ್ಲ?

ಉತ್ತರ 2: ಒದ್ದೆಯಲ್ಲಿ ಮಾಡಿ ಎಂದವರು ಯಾರು? ಮಣ್ಣು ಹಿಸುಕಿದರೆ ಉಂಡೆಯಾಗಿ, ಬೆರಳೊತ್ತಿದರೆ ಒಡೆಯಬೇಕು. ಆಗ ಮಾಡಬೇಕು. ಮತ್ತೆ, ನಿಮ್ಮ ಪೈಪಿನ ತೂತು ಯಾವ ಕಡೆಗೆ? ಅದನ್ನು ನೀವೂ ಹೇಳಲಿಲ್ಲ. ಮೇಲ್ಮುಖ ಮಾಡಿದರೆ ನೀರು ತೂತಿನ ಮಟ್ಟಕ್ಕೆ ಏರುವವರೆಗೆ ಪೈಪ್ ಖಾಲಿ.

ಉತ್ತರ 1: ಕೆಳಮುಖವೇ. ಅಷ್ಟು ಎಲ್ಲರಿಗೂ ಗೊತ್ತಿರುತ್ತದೆ.

ಉತ್ತರ 3: ಇಷ್ಟೆಲ್ಲ ಏಕೆ? ಜಿಪ್ಸಂ ಎರಚಿ, ಜೇಡಿ ಬಿಡಿಬಿಡಿಯಾಗುತ್ತದೆ.

ಉತ್ತರ 2: ಸೋಡಿಯಂ ಹೆಚ್ಚಿದ ಚೌಳು ಮಣ್ಣಿಗೆ ಮಾತ್ರ ಜಿಪ್ಸಂ. ಬರೀ ಜೇಡಿಗೆ ಅದರಿಂದ ಪ್ರಯೋಜನವಿಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಯಾರಿಗೂ ಹೀಗೆ ಹೇಳಬೇಡಿ.

ಉತ್ತರ 3: ಒಂದು ಸಾಲು ಬರೆದಿದ್ದಕ್ಕೆ ಇಷ್ಟು ಕೋಪವೇ? ನಿಮ್ಮಿಬ್ಬರ ಜಗಳದಲ್ಲಿ ಬೋಳು ಜಾಗದ ಮಾತೇ ಬರಲಿಲ್ಲ.

ಉತ್ತರ 4: ಆ ಮಾತು ನಿಜ. ಬೋಳಿನ ಅಂಚಿನ ಹುಲ್ಲು ಹಿಡಿದೆಳೆಯಿರಿ. ಚಾಪೆಯಂತೆ ಎದ್ದುಬಂದರೆ ಬೇರು ತಿಂದಿರುವುದು ಗೊಣ್ಣೆಹುಳು. ಪೈಪ್, ಮರಳು ಎರಡರಿಂದಲೂ ಅದು ಸಾಯುವುದಿಲ್ಲ. ಹುಳು ಇಲ್ಲದಿದ್ದರೆ ನೆರಳು ನೋಡಿ. ಗರಿಕೆಗೆ ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು. ಕೆಳಗಿನ ಕೊಂಬೆ ತೆಗೆಸಿ, ಆದರೆ ದಪ್ಪ ಬೇರಿನ ಹತ್ತಿರ ಕಾಲುವೆ ಒಯ್ಯಬೇಡಿ. ನೀರಿನ ದಾರಿ ಸರಿಯಾದ ಮೇಲೆಯೇ ನೆಡಿ, ಮೊದಲೇ ನೆಟ್ಟರೆ ಮತ್ತೆ ಕೊಳೆಯುತ್ತದೆ. ತಗ್ಗಿಗೆ ಮಣ್ಣು ಕೊಡುವಾಗ ಒಂದು ಸಲಕ್ಕೆ 1 ಸೆಂ.ಮೀ. ಮೀರಬಾರದು. ಹುಲ್ಲಿನ ತುದಿ ಕಾಣುತ್ತಿರಬೇಕು, ಅದು ಮೇಲೆ ಬಂದ ಮೇಲೆ ಇನ್ನೊಂದು ಪದರ.

ಉತ್ತರ 1: ಪೈಪಿನ ಕೊನೆ ಎಲ್ಲಿಗೆ ಬಿಡಬೇಕೆಂದು ಯಾರೂ ಕೇಳಲಿಲ್ಲ. ಇಂಗುಗುಂಡಿಗೆ ಬಿಡುವುದಾದರೆ ಅದು ಮನೆಯ ಪಾಯದಿಂದ 5 ಮೀಟರ್ ದೂರ ಇರಲಿ.